ಅಪ್ಪ ಅಳೆದು ತಂದ ಶೂ

ತೆಂಗಿನಗುಂಡಿ

ಪ್ರೀತಿಯ ದೀಪಕ್ಕಾ,

ಸಮಸ್ತ ಬಂಧುಬಳಗಕ್ಕೆ ತಿಳಿಸಲು ವಿಷಾದಿಸುತ್ತೇನೆ: ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು ನಿನ್ನೆ ಬೆಳಿಗ್ಗೆ ದಿವಂಗತವಾಯಿತು.

ಅಪ್ಪ ಪೊರಕೆಯ ಹಿಡಿಕಡ್ಡಿ ಮುರಿದು ನನ್ನ ಪಾದ ಅಳೆದು, ಸರಿಯಾಗಿ ಕಡ್ಡಿಯಷ್ಟೇ ಉದ್ದದ ಶೂ ತಂದರು. ಓಡಿದರೆ ಕಾಲು ಊದುತ್ತದೆ, ಬೆರಳಿನ ಮುಂದೆ ಒಂದಿಷ್ಟು ಜಾಗ ಬೇಕು ಎಂಬುದು ಪಾಪ, ಕಡ್ಡಿಗೇನು ಗೊತ್ತು?

"ಎಂತ ಮಗಾ, ಸರಿ ಆತಾ?" ಎಂದರು. ಅವರ ಮುಖ ನೋಡಿ "ಹ್ಞೂಂ, ಲಾಯ್ಕ ಆತು" ಎಂದುಬಿಟ್ಟೆ. ಈಗ ದಿನಾ ಕಡಲ ದಡದಲ್ಲಿ ನಿಂತು ನನ್ನನ್ನು ಅದರಲ್ಲೇ ಓಡಿಸುತ್ತಾರೆ. ಪೊಲೀಸ್ ಕೆಲಸದ ಓಟದ ಪರೀಕ್ಷೆಗೆ ಇನ್ನು ಹತ್ತೇ ದಿನ. ಫೋನು ಮಾಡೋಣವೆಂದರೆ ಪಕ್ಕದಲ್ಲೇ ಅಪ್ಪ.

ಭಾನುವಾರ ಕುಮಟಾದಿಂದ ಬರುವಾಗ ಇಂಥದ್ದೇ ನೀಲಿ ಶೂ, ಒಂದು ನಂಬರು ದೊಡ್ಡದು, ಅಂದರೆ ಆರು, ತಾ. ಹೊಸದೆಂದು ಅಪ್ಪನಿಗೆ ತಿಳಿಯದಂತೆ ಮೊದಲೇ ನಿಮ್ಮ ಅಂಗಳದ ಮಣ್ಣಿನಲ್ಲಿ ಚೆನ್ನಾಗಿ ಉಜ್ಜಿಡು.

ಕುಂಟುತ್ತಿರುವ ತಂಗಿ,
ಪಲ್ಲವಿ