ವ್ಯಾನಿನ ನೆತ್ತಿ ಕೆರೆದ ಕಥೆ

ಪೇಂಟ್ ಶೆಡ್ಡು, ಮನೆಯ ಹಿತ್ತಲು
ಶುಕ್ರವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ಆ ದ್ವೀಪದ ಗಾಳಿಗೆ ನೆಗಡಿಗಿಗಡಿ ಹಿಡಿದಿಲ್ಲ ತಾನೇ? ಹವಾಮಾನ ಅಳೆಯುವವಳಿಗೆ ಸ್ವೆಟರ್ ಹಾಕಿಕೋ ಎಂದು ಪೇಂಟರ್ ಹೇಳುವುದು ಅಧಿಕಪ್ರಸಂಗವೇ, ಆದರೂ ಹಾಕಿಕೋ. ನಿಮ್ಮಮ್ಮನ ಸೊಂಟನೋವು ಇನ್ನೂ ಬಿಟ್ಟಿಲ್ಲ. ಈಚೆಗೆ ಅದು ಹೆಚ್ಚಾಗಲು ನಾನೇ ಕಾರಣ ಅಂತ ಮನೆಯಲ್ಲಿ ತೀರ್ಪಾಗಿದೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ನಾನು ಗುಂಡುಕಲ್ಲಿನ ಹಾಗೆ ಇದ್ದೇನೆ. ನೀನು ಹೊರಟ ದಿನ ನಾನು ಬಂದರಿಗೆ ಬರಲಿಲ್ಲ, ಆ ಮಾತು ಈಗ ಬೇಡ.

ಮೊದಲು ವಿಷಯಕ್ಕೆ ಬರುತ್ತೇನೆ. ಕಳೆದ ಮೂರು ಭಾನುವಾರವೂ ಬೆಳಿಗ್ಗೆ ಹತ್ತಕ್ಕೆ ನೀನು ರೇಡಿಯೋದಲ್ಲಿ ಕರೆದೆ, ನಮ್ಮಿಂದ ಉತ್ತರ ಬರಲಿಲ್ಲ. ನಾವು ಬಂದೇ ಇಲ್ಲ ಎಂದುಕೊಂಡಿರುತ್ತೀಯ. ಬಂದಿದ್ದೆವು ಕಣೇ! ನಮ್ಮ ಬೀದಿಯ ಎತ್ತರದ ಕಟ್ಟಡಗಳ ನಡುವೆ ರೇಡಿಯೋ ಹಿಡಿಯದು ಅಂತ, ಮೂರು ವಾರವೂ ನೀರಿನ ಟ್ಯಾಂಕಿನ ದಿಬ್ಬಕ್ಕೆ ರೇಡಿಯೋ ಕೂರಿಸಿದ ನಮ್ಮ ವ್ಯಾನು ಹತ್ತಿಸಿ, ನಾನು, ನಿಮ್ಮಮ್ಮ, ನಿನ್ನ ಮಾವ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಕೂತಿದ್ದೆವು. ನಿನ್ನ ದನಿ ನಮಗೆ ಕೇಳುತ್ತಿತ್ತು, ನಮ್ಮದು ನಿನ್ನನ್ನು ಮುಟ್ಟುತ್ತಿರಲಿಲ್ಲ. "ಅಮ್ಮಾ, ಕೇಳಿಸ್ತಿದೆಯಾ?" ಅಂತ ನೀನು, "ಕೇಳಿಸ್ತಿದೆ, ಕೇಳಿಸ್ತಿದೆ" ಅಂತ ನಿಮ್ಮಮ್ಮ. ನಾನಂತೂ ಮೈಕು ಕಸಿದುಕೊಂಡು ಎಷ್ಟು ಜೋರಾಗಿ ಕೂಗಿದೆ ಎಂದರೆ, ದಿಬ್ಬದ ಕೆಳಗಿನ ಇಸ್ತ್ರಿ ಅಂಗಡಿಯವನು ಯಾರಿಗೋ ಏನೋ ಆಯಿತೆಂದು ಓಡಿ ಬಂದ. ನಿನಗೊಬ್ಬಳಿಗೆ ಬಿಟ್ಟು ಊರಿಗೆಲ್ಲ ಕೇಳಿತು. ಹೋದ ಭಾನುವಾರ ನೀನು, "ಮುಂದಿನ ವಾರದಿಂದ ನಾನು ಕರೆಯಲ್ಲ, ಈ ಹೊತ್ತನ್ನ ಬೇರೆಯವರಿಗೆ ಬಿಟ್ಟುಕೊಡ್ತೀನಿ" ಅಂದೆಯಲ್ಲ, ಅಂದಿನಿಂದ ನಿಮ್ಮಮ್ಮನ ಗಂಟಲಲ್ಲಿ ತುತ್ತು ಇಳಿದಿಲ್ಲ. ಫೋನೂ ಇಲ್ಲದ ದ್ವೀಪ, ಮಾತಾಡಲು ಇರುವುದೊಂದೇ ದಾರಿ, ಅದೂ ಮುಚ್ಚಿದರೆ ವರ್ಷವಿಡೀ ಏನು ಮಾಡುವುದು?

ತಪ್ಪು ಎಲ್ಲಿದೆ ಎಂದು ಹುಡುಕುವ ಯಜಮಾನಿಕೆ ನಿನ್ನ ಮಾವನದು. ರೇಡಿಯೋ ರಿಪೇರಿಯಲ್ಲಿ ಇಪ್ಪತ್ತು ವರ್ಷ ಕೂದಲು ಉದುರಿಸಿಕೊಂಡವನು, ಲೈಸೆನ್ಸೂ ಅವನದೇ. ಆಂಟೆನಾದ ದಾರಿಗೆ ಒಂದು ಮೀಟರು ಸಿಕ್ಕಿಸಿದ. ಕಳಿಸಿದ ಶಕ್ತಿಯಲ್ಲಿ ಎಷ್ಟು ಆಚೆ ಹೋಗದೆ ವಾಪಸು ಬರುತ್ತದೆ ಎಂದು ಅದರ ಮುಳ್ಳು ತೋರಿಸುತ್ತದಂತೆ. ಮುಳ್ಳು ಹೋಗಿ ಬಲಗಡೆಯ ಕೆಂಪಿಗೆ ಅಂಟಿಕೊಂಡಿತು. "ಭಾವ, ಕಳ್ಸಿದ್ದೆಲ್ಲ ವಾಪಸ್ ಬರ್ತಿದೆ" ಅಂದ. "ನಿಮ್ಮ ಭಾವನಿಗೆ ಹೇಳಿದ ಬುದ್ಧಿಮಾತಿನ ಹಾಗೇ" ಅಂದಳು ನಿಮ್ಮಮ್ಮ. ಅಲ್ಲಿ ಕೆಲಸ ನಡೆಯುತ್ತಿದೆಯೋ ನನ್ನ ಮಾನ ಹರಾಜಾಗುತ್ತಿದೆಯೋ ತಿಳಿಯಲಿಲ್ಲ. ಮಾವ ಮೊದಲ ವಾರ ಕೇಬಲ್ ಬದಲಾಯಿಸಿದ, ಆಮೇಲೆ ಅದರ ತುದಿಗಳನ್ನು ಬಿಚ್ಚಿ ಮತ್ತೆ ಬೆಸುಗೆ ಹಾಕಿದ, ಆಂಟೆನಾ ಕಡ್ಡಿಯನ್ನು ಉದ್ದ ಮಾಡಿದ, ಗಿಡ್ಡ ಮಾಡಿದ. ಮುಳ್ಳು ಜಪ್ಪಯ್ಯ ಅನ್ನಲಿಲ್ಲ. ಇಪ್ಪತ್ತು ವರ್ಷದ ಅನುಭವ ಅಂದ್ರೆ ಇದೇನಾ ಅಂತ ನಾನು ಪಕ್ಕದಲ್ಲಿ ನಿಂತು ಚುಚ್ಚುತ್ತಿದ್ದೆ. "ಆಂಟೆನಾ ಬ್ರಾಕೆಟ್ ತಗಡಿಗೆ ನೇರವಾಗಿ ಕೂತಿದೆ ತಾನೇ ಭಾವ?" ಎಂದು, ಅದನ್ನು ವ್ಯಾನಿಗೆ ಕೂರಿಸಿದ ನನ್ನನ್ನು ಮೂರು ಸಲ ಕೇಳಿದ. ಮೂರು ಸಲವೂ "ಬಂಡೆ ಹಾಗೆ ಕೂತಿದೆ ಕಣಯ್ಯ" ಅಂದೆ.

ಬಂಡೆಯ ಹಾಗೇ ಕೂತಿತ್ತು, ಆದರೆ ರಬ್ಬರಿನ ಮೇಲೆ. ನೀನೇ ಹೇಳು, ನಲವತ್ತು ವರ್ಷ ಕಂಡವರ ಗಾಡಿಗೆ ಬಣ್ಣ ಹೊಡೆದವನು, ಏಳು ಕೋಟ್ ಕೊಟ್ಟು ಕನ್ನಡಿ ಮಾಡಿದ ಸ್ವಂತ ವ್ಯಾನಿನ ನೆತ್ತಿಯ ಮೇಲೆ ಕಬ್ಬಿಣವನ್ನು ಹಾಗೇ ಕೂರಿಸುತ್ತಾನೆಯೇ? ಅದರ ಅಡಿಗೆ ರಬ್ಬರ್ ಹಾಸಿದೆ, ಬೋಲ್ಟಿಗೂ ಸುತ್ತಿದೆ. ಕೊರೆದ ತೂತಿನ ಅಂಚು ತುಕ್ಕು ಹಿಡಿಯಬಾರದೆಂದು ಅದಕ್ಕೂ ಎರಡು ಕೋಟ್ ಕೊಟ್ಟೆ. ರಬ್ಬರ್ ಎದ್ದು ಕಾಣಬಾರದೆಂದು ಅದರ ಅಂಚಿಗೂ ವ್ಯಾನಿನ ನೀಲಿಯನ್ನೇ ಬಳಿದೆ. ಅಷ್ಟು ಚೊಕ್ಕ ಕೆಲಸವೇ ತಪ್ಪು ಅಂತ ಯಾವ ಪೇಂಟರಿಗೆ ಹೊಳೆಯುತ್ತದೆ? ಮೊನ್ನೆ ಬುಧವಾರ ನಿನ್ನ ಮಾವನಿಗೆ ಸ್ಪ್ಯಾನರ್ ಕೊಡಲು ನಿಮ್ಮಮ್ಮ ಏಣಿಯ ಎರಡು ಮೆಟ್ಟಿಲು ಹತ್ತಿದಳು. ಬಿಸಿಲಿಗೆ ನೀಲಿ ಸಿಪ್ಪೆ ಎದ್ದು ರಬ್ಬರಿನ ಕೆಂಪು ಇಣುಕುತ್ತಿತ್ತು. "ರೀ, ಇದು ನನ್ನ ಬಿಸಿನೀರಿನ ಚೀಲ ಅಲ್ವಾ?" ಅಂದಳು. ಸೊಂಟಕ್ಕೆ ಇಟ್ಟುಕೊಳ್ಳುವ ಚೀಲ ಕಾಣೆಯಾಗಿದೆ ಎಂದು ತಿಂಗಳಿಂದ ಅಟ್ಟವನ್ನೆಲ್ಲ ತಲೆಕೆಳಗು ಮಾಡಿದ್ದಳು. ನಾನೂ ಜೊತೆಗೆ ಹುಡುಕಿದ್ದೆ.

ನಿನ್ನ ಮಾವ ಕೆಳಗಿಳಿದು ಬಂದು ನೆಲದ ಮೇಲೆ ಕೂತೇಬಿಟ್ಟ. "ಭಾವ, ಆಂಟೆನಾಕ್ಕೆ ಗಾಡಿ ತಗಡೇ ಅರ್ಧ ಪ್ರಾಣ. ನೀವು ಅದಕ್ಕೆ ಹಾಸಿಗೆ ಹಾಸಿದ್ದೀರಲ್ಲ!" ಅಂದ, ಅಷ್ಟೇ. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು, ಬೈಯಲೂ ಇಲ್ಲ.

ಬಣ್ಣ ಕೆರೆಯಲು ಅವನು ಚಾಕು ತೆಗೆದ. ನಾನು ಬಿಡಲಿಲ್ಲ, ಶೆಡ್ಡಿನಿಂದ ನನ್ನ ಸ್ಕ್ರೇಪರ್ ತಂದು ಏಣಿ ಹತ್ತಿದೆ. ಹತ್ತಿದವನು ಕಾಲು ಗಂಟೆ ಆ ನೀಲಿಯನ್ನೇ ಸವರುತ್ತಿದ್ದೆ. "ಬಣ್ಣ ಬೇಕೋ, ಮಗಳು ಬೇಕೋ?" ಎಂದಳು ನಿಮ್ಮಮ್ಮ ಕೆಳಗಿನಿಂದ. ಕೆರೆದೆ. ನೀಲಿ ಹೋಗಿ ಅದರಡಿಯ ಹಸಿರು ಬಂತು, ಎಂಟು ವರ್ಷದವಳಿದ್ದಾಗ ಹಠ ಹಿಡಿದು ನೀನೇ ಆರಿಸಿದ ಹಸಿರು. ಅದನ್ನೂ ಕೆರೆಯಬೇಕಲ್ಲ ಎಂದು ಕಣ್ಣಲ್ಲಿ ನೀರು ಬಂತು. ಥಿನ್ನರ್ ಘಾಟು ಅಂದೆ. ಸುತ್ತಮುತ್ತ ಎಲ್ಲೂ ಥಿನ್ನರ್ ಇರಲಿಲ್ಲ. ಬರಿ ತಗಡಿಗೆ ಬ್ರಾಕೆಟ್ ಬಿಗಿದದ್ದೇ ತಡ, ಮುಳ್ಳು ಎಡಗಡೆಗೆ ಬಂದು ತೆಪ್ಪಗೆ ಮಲಗಿತು. ಇವತ್ತು ಬೆಳಿಗ್ಗೆ ದಿಬ್ಬದಿಂದ ಮಾವನ ದೂರದೂರಿನ ಸ್ನೇಹಿತನನ್ನು ಕರೆದು ನೋಡಿದೆವು. "ಚೆನ್ನಾಗಿ ಕೇಳಿಸ್ತಿದೆ, ಅಷ್ಟು ಕೂಗ್ಬೇಡಿ ಯಜಮಾನ್ರೇ" ಅಂದ.

ನಿಮ್ಮಮ್ಮನಿಗೆ ಹೊಸ ಚೀಲ ತಂದುಕೊಟ್ಟೆ, ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ತಿಂಗಳಿಗೊಮ್ಮೆ ಹೋಗುವ ಸಾಮಾನಿನ ದೋಣಿ ನಾಳೆ ಬೆಳಿಗ್ಗೆ ಹೊರಡುತ್ತದೆ, ಅದರವನ ಕೈಗೇ ಈ ಕಾಗದ ಕೊಡುತ್ತೇನೆ, ಸಂಜೆಗೆ ನಿನಗೆ ಸಿಗುತ್ತದೆ. ಅವಳ ಆಶೀರ್ವಾದ, ಮಾವನ ನೆನಪು. ಹೊತ್ತಿಗೆ ಸರಿಯಾಗಿ ಊಟ ಮಾಡು, ಗಟ್ಟಿಮುಟ್ಟಾಗಿರು ತಾಯಿ.

ಇಂತಿ,
ನೆತ್ತಿ ಕೆರೆಸಿಕೊಂಡ ವ್ಯಾನಿನ ಮಾಲೀಕ,
ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ. ಹೋದ ಭಾನುವಾರ ಯಾರೂ ಕೇಳುತ್ತಿಲ್ಲ ಎಂದುಕೊಂಡು ಕೊನೆಗೆ ನೀನೊಂದು ಮಾತು ಅಂದೆ: "ಅಪ್ಪಂಗೆ ಇನ್ನೂ ಕೋಪ ಇರಬೇಕು, ಹೊರಡೋ ದಿನಾನೂ ಬರಲಿಲ್ಲ." ಕೇಳಿಸಿತಮ್ಮ. ನೀನು ದೋಣಿ ಹತ್ತುವ ಹೊತ್ತಿಗೆ ನಾನು ಶೆಡ್ಡಿನ ಚಿಲಕ ಹಾಕಿಕೊಂಡು, ಉಜ್ಜಿ ಮುಗಿದಿದ್ದ ಯಾರದೋ ಕಾರಿನ ಬಾಗಿಲನ್ನು ಮತ್ತೆ ಮತ್ತೆ ಉಜ್ಜುತ್ತಿದ್ದೆ. ಕೋಪ ಅಲ್ಲ. ಬಂದಿದ್ದರೆ, ಹೋಗಬೇಡ ಅಂದುಬಿಡುತ್ತಿದ್ದೆ. ನಾಡಿದ್ದು ಹತ್ತಕ್ಕೆ ಇನ್ನೊಂದೇ ಒಂದು ಸಲ ಕರೆ ಮಗಳೇ. ಮೈಕು ನನ್ನ ಕೈಯಲ್ಲೇ ಇರುತ್ತದೆ.