ಪೈಲ್ವಾನನ ಎಡ ತೋಳು

ಗೆಳೆಯ ಚಿಕ್ಕಣ್ಣ,

ನೀನಿರುವ ಕಡೆ ಬೊಂಬೆ ಕಡೆಯುವ ಲೇತು ತಿರುಗಿಸಲು ಕರೆಂಟು ಸಿಗುತ್ತಿದೆಯೋ ಇಲ್ಲವೋ. ಚನ್ನಪಟ್ಟಣದಲ್ಲಂತೂ ನೀನಿದ್ದಾಗಿನ ಕತೆಯೇ: ಬಂದರೆ ಬಂತು, ಹೋದರೆ ಹೋಯಿತು. ನಾನು ಬರೆಯುತ್ತಿರುವುದು ಅದಕ್ಕಲ್ಲ, ನಿನ್ನ ಪೈಲ್ವಾನನ ವಿಷಯಕ್ಕೆ.

ನೆನಪಿದೆಯಾ, ಬಿಡದಿಯಲ್ಲಿ ಆಗಿನ್ನೂ ಒಂದೊಂದೇ ಕಾರ್ಖಾನೆ ಏಳುತ್ತಿದ್ದ ಕಾಲ. ಪ್ಲಾಸ್ಟಿಕ್ ಬೊಂಬೆಯವರು ಅಚ್ಚು ತಯಾರಿಸುವ ಮೊದಲು ಮರದಲ್ಲೊಂದು ಮಾದರಿ ಬೇಕೆಂದು ನಿನ್ನ ಬಳಿ ಬಂದಿದ್ದರು. ಕೈಕಾಲು ಆಡಿಸುವ ಕುಸ್ತಿ ಪೈಲ್ವಾನ. ನೀನು ಮಾಡಿದ ಯಾವ ಬೊಂಬೆಯ ತೋಳನ್ನೇ ಎತ್ತಿ ಬಿಟ್ಟರೂ ಬಿಟ್ಟಲ್ಲೇ ನಿಲ್ಲುತ್ತಿತ್ತು. ನಾನು ಪಕ್ಕದಲ್ಲಿ ಕೂತು "ಚಿಕ್ಕಣ್ಣನ ಕೀಲು, ಸಡ್ಲಾದ್ರೆ ನನ್ನ ಕೇಳು" ಎಂದು ಹಾಡಿದರೆ, "ಲೇ ಬಿ.ಎ., ಬಾಯಿಗೆ ಒಸಿ ಅರಗು ಮೆತ್ಲೇನ್ಲಾ?" ಎಂದು ನೀನು ನನ್ನ ಡಿಗ್ರಿ ಹಿಡಿದು ರೇಗಿಸುತ್ತಿದ್ದೆ. ಆ ಪೈಲ್ವಾನನನ್ನು ಮಾತ್ರ ನನಗೆ ತೋರಿಸದೆ ಕಳಿಸಿಬಿಟ್ಟೆ. ಆ ಮಳೆಗಾಲ ಮುಗಿಯುವಷ್ಟರಲ್ಲಿ ನೀನೂ...

ಹೋದ ತಿಂಗಳು ಹೆದ್ದಾರಿ ಬದಿಯ ಬೊಂಬೆ ಅಂಗಡಿಯ ಯಜಮಾನರು ಕರೆಸಿದರು. ಹಳೇ ಬೊಂಬೆಗಳಿಗೆಂದೇ ಒಂದು ಕೋಣೆ ಮಾಡಿದ್ದಾರೆ. ಮುಚ್ಚಿಹೋದ ಆ ಕಾರ್ಖಾನೆಯ ಗೋದಾಮಿನದೆಂದು ಯಾರೋ ಒಂದು ಪೈಲ್ವಾನನ ಬೊಂಬೆ ತಂದುಕೊಟ್ಟಿದ್ದರು. ಈಗ ಹಳೇ ಮಾದರಿಗಳ ಹುಚ್ಚು ಜಾಸ್ತಿ ಕಣೋ. ಹೊಸದನ್ನೇ ಹೊಗೆಯಲ್ಲಿಟ್ಟು ಹಳೇದು ಮಾಡುವವರಿದ್ದಾರೆ. "ಚಿಕ್ಕಣ್ಣನ ಕೈ ನಿಮ್ಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವ್ರದೇ ಆದ್ರೆ ಹೆಸರು ಹಾಕಿ ಇಡ್ತೀನಿ, ಇಲ್ದಿದ್ರೆ ವಾಪಸ್" ಅಂದರು.

ಮರ, ಅರಗಿನ ಬಣ್ಣ, ಮೀಸೆಯ ತಿರುವು ಎಲ್ಲ ನಿನ್ನದೇ. ಎಡ ತೋಳು ಎತ್ತಿ ಬಿಟ್ಟೆ. ತಟಕ್ಕನೆ ಕೆಳಗೆ ಬಿತ್ತು. "ಇದು ಅವನದಲ್ಲ" ಅಂದೆ. ಎಷ್ಟು ಜಂಬದಿಂದ ಅಂದೆ ಗೊತ್ತಾ? ನಿನ್ನ ಮಾನ ಕಾಪಾಡಿದೆನೆಂಬ ಜಂಬ.

ಅದನ್ನೇ ಸಂಜೆ ನಿಮ್ಮ ಮನೆಗೆ ಹೋಗಿ ಜಯಮ್ಮನ ಮುಂದೆ ಕೊಚ್ಚಿಕೊಂಡೆ. ಅವರೆಕಾಯಿ ಸುಲಿಯುತ್ತಿದ್ದ ನಿನ್ನ ಹೆಂಡತಿ ತಲೆ ಎತ್ತಲಿಲ್ಲ.

"ಎಡಗೈಯೇನಣ್ಣಾ ಬಿದ್ದಿದ್ದು?"

"ಹೂಂ."

"ಹಂಗಾರೆ ಅವ್ರದೇ. ಕೊನೇಲಿ ಕೈ ನಡುಗ್ತಿತ್ತು. ಬಲದ್ದು ಹೆಂಗೋ ಕೂರ್ಸುದ್ರು, ಎಡದ್ದು ಕೂರ್ನೇ ಇಲ್ಲ. ಬಿಚ್ಚಿ ಬಿಚ್ಚಿ ಸಾಕಾಗಿ ಹಂಗೇ ಕಳ್ಸ್‌ಬುಟ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮ್ಗೆ ಹೇಳುದ್ರೆ ಅದ್ಕೂ ಒಂದು ಪ್ರಾಸ ಕಟ್ಬುಡ್ತೀರ ಅಂತಿದ್ರು."

ಕಟ್ಟುತ್ತಿದ್ದೆ ಕಣೋ. ಅದೇ ಸಂಕಟ. ಒಂದು ತೊಟ್ಟೂ ಮುಟ್ಟದ ನಿನ್ನ ನಡುಕಕ್ಕೆ 'ಕುಡುಕ' ಎಂದು ಅಲ್ಲೇ ಜೋಡಿಸಿ ನಗುತ್ತಿದ್ದೆ. ದಿನಾ ಪಕ್ಕದಲ್ಲೇ ಕೂತವನು ನೀನು ಮಾಡಿದ ಕೀಲು ನೋಡಿದೆ, ಮಾಡುವ ಕೈ ನೋಡಲಿಲ್ಲ. ನೋಡಿದ್ದರೆ ಆಸ್ಪತ್ರೆಗಾದರೂ... ಬಿಡು.

ಬೆಳಿಗ್ಗೆ ಅಂಗಡಿಗೆ ಓಡಿದೆ. ಪೈಲ್ವಾನ ವಾಪಸು ಹೊರಡಲು ರಟ್ಟಿನ ಡಬ್ಬಿಯಲ್ಲಿ ಮಲಗಿದ್ದ. "ನೆನ್ನೆ ಅಲ್ಲ ಅಂದ್ರಿ, ಇವತ್ತು ಹೌದು ಅಂತೀರ. ಯಾವುದು ನಂಬ್ಲಿ ಸ್ವಾಮಿ?" ಯಜಮಾನರು ಕೇಳಿದ್ದು ನ್ಯಾಯವೇ. ಜಯಮ್ಮ ಹೇಳಿದ್ದನ್ನು ಹೇಳಿದೆ. ಡಬ್ಬಿಯಿಂದ ಪೈಲ್ವಾನನನ್ನು ಎತ್ತಿ ನಿಲ್ಲಿಸಿ, ತೋಳಿಗೆ ಒಂಚೂರು ಗೋಂದು ಹಾಕಿಸಲೇ ಎಂದರು. ಬೇಡವೆಂದೆ.

ಈಗ ಅವನು ಗಾಜಿನ ಕಪಾಟಿನಲ್ಲಿ ನಿಂತಿದ್ದಾನೆ. ಕೆಳಗೆ ದಪ್ಪಕ್ಷರದಲ್ಲಿ ನಿನ್ನ ಹೆಸರು. ಬಿಡದಿ ಕಡೆಗೆ ಲಾರಿ ಹೋದಾಗಲೆಲ್ಲ ಕಪಾಟು ಅದುರುತ್ತದೆ, ಎಡ ತೋಳು ಮೆಲ್ಲಗೆ ನಡುಗುತ್ತದೆ. ಆಗಾಗ ಹೋಗಿ, ಬಾಯಿ ಮುಚ್ಚಿಕೊಂಡು ನೋಡುತ್ತಾ ನಿಲ್ಲುತ್ತೇನೆ.