ಹಾಡುತ್ತ ಮನೆಗೆ ಬರುವವಳು

ಸಿಸೆಟನ್, ದಕ್ಷಿಣ ಡಕೋಟಾ
೧೨ ಸೆಪ್ಟೆಂಬರ್ ೧೯೬೩

ನನ್ನ ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೆ? ಮೊಂಟಾನಾದಲ್ಲಿ ಆಗಲೇ ಚಳಿ ಶುರುವಾಗಿರಬೇಕು. ಕಾಲಿಗೆ ಉಣ್ಣೆಬಟ್ಟೆ ಸುತ್ತಿಕೊಂಡು ಮಲಗು, ಹಟ ಮಾಡಬೇಡ. ನಾನು ಪರವಾಗಿಲ್ಲ. ಎಡಗಣ್ಣಿಗೆ ಪೊರೆ ಬಂದಿದೆ, ಸಾಲುಗಳು ಡೊಂಕಾಗಿದ್ದರೆ ನಗಬೇಡ. ನಿನ್ನ ಮಗ ಕ್ಲಿಫರ್ಡ್ ಪಕ್ಕದಲ್ಲೇ ಇರುವುದರಿಂದ ಸೌದೆಗೆ, ನೀರಿಗೆ ಯೋಚನೆಯಿಲ್ಲ. ಈ ವರ್ಷ ಕಾಡುಚೆರ್ರಿ ಎಷ್ಟು ಬಿಟ್ಟಿದೆಯೆಂದರೆ, ಕುಟ್ಟಿ ಕುಟ್ಟಿ ನನ್ನ ಅಂಗೈಯೆಲ್ಲ ನೇರಳೆಯಾಗಿದೆ. ಅವ್ವನ ಗುಂಡುಕಲ್ಲಿನಲ್ಲೇ ಕುಟ್ಟಿದೆ. ಬೀಜ ಸಮೇತ ಜಜ್ಜದಿದ್ದರೆ "ಇದೇನೇ, ಬಿಳಿಯರ ಜಾಮಾ?" ಎಂದು ಗದರುತ್ತಿದ್ದಳಲ್ಲ.

ಹೋದ ವಾರ ನಿನ್ನ ಮೊಮ್ಮಗಳು ಲೊರೆಟಾ ಶಾಲೆಯಿಂದ ಬಂದವಳೇ ಚೀಲ ಬಿಸಾಡಿ ನನ್ನ ಹಾಸಿಗೆಯ ಮೇಲೆ ಬೋರಲು ಬಿದ್ದಳು. ನೀನು ಅವಳನ್ನು ಫೋಟೋದಲ್ಲಷ್ಟೇ ನೋಡಿದ್ದೀಯ. ಎಂಟು ತುಂಬಿದೆ, ಗದ್ದ ನಿನ್ನದೇ, ಮೊಂಡುತನವೂ ನಿನ್ನದೇ. ಆಮೇಲೆ ಮುಖ ಎತ್ತಿ, "ಅಜ್ಜೀ, ನಾವು ಹಾವುಗಳಂತೆ, ಹೌದಾ? ನಮ್ ಜನಕ್ಕೆ ಸೂ ಅಂತಾರಲ್ಲ, ಹಂಗಂದ್ರೆ ಹಾವಿನ ಮರಿ ಅಂತ ಪುಸ್ತಕದಲ್ಲೇ ಇದೆ. ಎಲ್ರೂ ಬುಸ್ ಬುಸ್ ಅಂತಾವ್ರೆ" ಅಂದಳು.

ನನಗೆ ಸಿಟ್ಟು ಬರುವ ಮೊದಲು ಅಪ್ಪನ ನೆನಪು ಬಂತು. ಕುದುರೆಯ ಲಗಾಮು ಹೊಲಿಯುತ್ತ ಹೇಳುತ್ತಿದ್ದನಲ್ಲ: "ಜಗಳ ಆಡ್ತಿದ್ದ ಪಕ್ಕದ ಬುಡಕಟ್ಟಿನೋರು ನಮಗೆ ಏನೋ ಬೈದ್ರು. ಫ್ರೆಂಚರು ಆ ಬೈಗುಳದ ತಲೆ ಕಡಿದು ಬಾಲ ಬರ್ಕೊಂಡ್ರು. ಅದನ್ನೇ ಸರ್ಕಾರ ನಮ್ಮ ಹೆಸರು ಅಂತು. ಜಗಳದಲ್ಲಿ ಬೈದಿದ್ದು ಹೆಸರಾಗೋದಾದ್ರೆ ನಿಮ್ಮವ್ವ ನನಗೆ ಎಷ್ಟು ಹೆಸರಿಟ್ಟವಳೆ ಗೊತ್ತಾ!" ಅವ್ವ ಒಲೆಯ ಹತ್ತಿರದಿಂದ ಸೌಟು ಎತ್ತಿ ತೋರಿಸುತ್ತಿದ್ದಳು. ಆಮೇಲೆ ಅಪ್ಪ ಮೆಲ್ಲಗೆ, "ನಾವು ನಮ್ಮನ್ನ ಕರ್ಕೊಳ್ಳೋದು ಡಕೋಟಾ ಅಂತ. ಅಂದ್ರೆ ಗೆಳೆಯರು. ಅಷ್ಟು ನೆನಪಿಟ್ಕೊಂಡ್ರೆ ಸಾಕು" ಅನ್ನುತ್ತಿದ್ದ. ಇದನ್ನೆಲ್ಲ ಲೊರೆಟಾಗೆ ಹೇಳಿದೆ. ಸೌಟಿನ ಮಾತಿಗೆ ನಕ್ಕಳು.

ನಕ್ಕ ಮೇಲೆ ಬಿಡುತ್ತಾಳೆಯೆ? ನಿಮ್ಮ ಹೆಸರು ಯಾರಿಟ್ಟರು, ಯಾಕಿಟ್ಟರು ಎಂದು ಶುರುಮಾಡಿದಳು. ಮೊದಲ ಹೆಣ್ಣು ವಿನೋನಾ, ಎರಡನೆಯವಳು ಹಾಪನ್, ಮೊದಲ ಗಂಡು ಚಾಸ್ಕೆ; ಹುಟ್ಟಿದ ಸಾಲಿನ ಆ ಹೆಸರುಗಳು ಎಲ್ಲರ ಮನೆಯಲ್ಲೂ ಇರುತ್ತವೆ, ನಮ್ಮದೇ ಎನ್ನುವ ಹೆಸರು ಆಮೇಲೆ ಹಿರಿಯರಿಂದ ಬರುತ್ತದೆ ಎಂದೆ. ನಮ್ಮನ್ನು ಮನೆಯಿಂದ ಒಯ್ದಿಟ್ಟಿದ್ದ ಸರ್ಕಾರಿ ವಸತಿಶಾಲೆಯ ಮೊದಲ ದಿನದ ಕಥೆಯನ್ನೂ ಹೇಳಿದೆ. ಕಪ್ಪುಹಲಗೆಯ ತುಂಬ ಹೆಸರು ಬರೆದು, ಮೇಡಂ ನಮ್ಮ ಕೈಗೆ ಕೋಲು ಕೊಟ್ಟು ಒಂದನ್ನು ಮುಟ್ಟಿ ಎಂದಿದ್ದಳು. ನೀನು ಎಲ್ಲಕ್ಕಿಂತ ಚಿಕ್ಕದನ್ನು ಮುಟ್ಟಿ ಐಡಾ ಆದೆ. ನಾನು ಉದ್ದವಿದ್ದರೆ ಒಳ್ಳೆಯದಿರಬೇಕೆಂದು ಕಾರ್ನೀಲಿಯಾ ಮುಟ್ಟಿದೆ, ಅದನ್ನು ಬರೆಯಲು ಕಲಿಯುವಷ್ಟರಲ್ಲಿ ಏಟು ತಿಂದು ಬೆರಳಿನ ಗಂಟುಗಳು ಊದಿದ್ದವು. ನಮ್ಮ ತಮ್ಮ ಚಾಸ್ಕೆಗೆ ಕೋಲು ಹಿಡಿದರೂ ಹಲಗೆ ಎಟುಕಲಿಲ್ಲ. ಮೇಡಂ ತಾನೇ ಒಂದನ್ನು ಮುಟ್ಟಿ ಆಲ್ಬರ್ಟ್ ಅಂದಳು. ಆಗ ಅವನಿಗೆ ಐದು ವರ್ಷ.

ಅಲ್ಲಿಗೆ ಕಥೆ ನಿಲ್ಲಿಸಿದೆ, ಅಕ್ಕಾ. ಮುಂದಿನದನ್ನು ನಾವಿಬ್ಬರೇ ಬಲ್ಲೆವು. ಮೂರನೆಯ ಚಳಿಗಾಲ ಅವನಿಗೆ ಕೆಮ್ಮು ಹತ್ತಿತು. ಶಾಲೆಯ ಬಟ್ಟೆ ಒಗೆಯುವ ಕೆಲಸ ಬಿಟ್ಟು ನೀನು ಎರಡು ದಿನ ಅವನ ಹತ್ತಿರ ಕೂತೆ. ಅಪ್ಪ ಹಿಮದಲ್ಲಿ ಬಂಡಿ ಹೊಡೆದುಕೊಂಡು ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಗೋರಿಯ ಮೇಲಿನ ಹಲಗೆ ಓದಿ ಹೇಳಿದವನನ್ನು ಅಪ್ಪ, "ಆಲ್ಬರ್ಟ್ ಅಂದ್ರೆ ಯಾರು? ನನ್ನ ಮಗ ಎಲ್ಲಿ?" ಎಂದು ಕೇಳಿದ. ತಾತ ಕುದುರೆಗಳನ್ನು ಗೆದ್ದು ಹಾಡುತ್ತ ಊರಿಗೆ ಮರಳಿದ ನೆನಪಿಗೆ ಹಿರಿಯರು ಚಾಸ್ಕೆಗಿಟ್ಟ ಹೆಸರು 'ಹಾಡುತ್ತ ಮನೆಗೆ ಬರುವವನು'. ಅದು ಆ ಹಲಗೆಯ ಮೇಲೆ ಇರಲಿಲ್ಲ.

ಅವ್ವನ ಮಣ್ಣಿನ ದಿನ ನಾನು ಎಲ್ಲರ ಮುಂದೆ ಆ ಹೆಸರು ಎತ್ತಿದೆ. ಅವ್ವ ಈಗ ಅವನ ಹತ್ತಿರ ಹೋದಳಲ್ಲ ಎಂಬ ಸಮಾಧಾನಕ್ಕೆ ಬಾಯಿಂದ ಬಂದುಬಿಟ್ಟಿತು. ನೀನು ಶಾಲು ಹೊದ್ದು ಎದ್ದು ನಿಂತು, "ಮನೆಗೆ ಬರದೇ ಇದ್ದೋನ್ನ ಹಂಗೆ ಕರೀಬೇಡ ಕಣೇ. ಆ ಹೆಸರು ಅವನ ಜೊತೇಲೇ ಮಣ್ಣಾಗ್ಲಿ" ಅಂದೆ. ಎತ್ತುವುದಿಲ್ಲ ಎಂದು ಮಾತು ಕೊಟ್ಟೆ. ಆದರೂ ನೀನು ಹೋದವಳು ಹನ್ನೊಂದು ವರ್ಷ ಈ ಕಡೆ ತಲೆ ಹಾಕಲಿಲ್ಲ. ನಿನ್ನ ಕೈಯಲ್ಲಿ ಅವನು ಹೋದದ್ದು, ನನ್ನ ಕೈಯಲ್ಲಲ್ಲ. ಅದನ್ನು ನಾನು ಆ ದಿನ ಯೋಚಿಸಲಿಲ್ಲ.

ಈಗ ಲೊರೆಟಾ ತನಗೂ ಒಂದು ಹೆಸರು ಬೇಕೆಂದು ಹಟ ಹಿಡಿದಿದ್ದಾಳೆ. "ಶಾಲೇಲಿ ಬುಸ್ ಅಂದ್ರೆ ನಾನು ನನ್ನ ಹೆಸರು ಹೇಳ್ತೀನಿ" ಎನ್ನುತ್ತಾಳೆ. ಕ್ಲಿಫರ್ಡ್ ಒಪ್ಪಿ, ಹೆಸರಿಡುವ ಶಾಸ್ತ್ರಕ್ಕೆ ಇದೇ ತಿಂಗಳು ಇಪ್ಪತ್ತೆಂಟರ ಶನಿವಾರ ಗೊತ್ತುಮಾಡಿದ್ದಾನೆ. ಬಂದವರಿಗೆ ಹಂಚಲು ಮೊದಲೇ ಹೊಲಿದಿಟ್ಟ ನಕ್ಷತ್ರದ ಚಿತ್ತಾರದ ನಾಲ್ಕು ಕೌದಿಗಳಿವೆ, ಐದನೆಯದು ಅರ್ಧವಾಗಿದೆ. "ನಮ್ಮನೇಲಿ ಯಾರ್ದಾದ್ರೂ ಹೆಸರು ಮಿಕ್ಕಿದ್ಯಾ ಅಜ್ಜೀ?" ಎಂದು ಕೇಳಿದಳು. ಇಲ್ಲ ಮಗಾ ಎಂದೆ.

ನೆರೆಯವರೆಲ್ಲ ನಿನ್ನನ್ನು ಕೇಳುತ್ತಿರುತ್ತಾರೆ. ಅಲ್ಲಿಯ ಮೊಮ್ಮಕ್ಕಳಿಗೆ ನನ್ನ ಮುತ್ತು ಕೊಡು. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ತಂಗಿ,
ಹಾಪನ್

ಮರೆತೆ: ಲಕೋಟೆ ಅಂಟಿಸುವ ಮೊದಲು ನಿಜ ಹೇಳಿಬಿಡುತ್ತೇನೆ. ಇಲ್ಲ ಎಂದವಳು ಮಾರನೆಯ ದಿನವೇ ಸೋತೆ. ಚಾಸ್ಕೆಯ ಕಥೆ ಪೂರ್ತಿ ಹೇಳಿದೆ, ಹೆಸರನ್ನೂ ಹೇಳಿದೆ. ಕೊನೆಗೆ 'ವಿನ್' ಸೇರಿಸಿದರೆ ಹೆಣ್ಣಿನ ಹೆಸರಾಗುತ್ತದೆ ಎಂದೂ ಬಾಯಿಬಿಟ್ಟೆ. ಅವಳು ಅಳಲಿಲ್ಲ. "ಅವನು ಬರ್ಲಿಲ್ಲ ಅಲ್ವಾ? ನಾನು ದಿನಾ ಸಾಯಂಕಾಲ ಸ್ಕೂಲ್ ಬಸ್ಸಲ್ಲಿ ಬರ್ತೀನಲ್ಲ ಅಜ್ಜೀ" ಅಂದಳು. ನಾನು ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡೆ. ನಿನ್ನ ಅಪ್ಪಣೆಯಿಲ್ಲದೆ ಕೊಡುವುದಿಲ್ಲ, ಇದು ಆಣೆ. ಬೇಡವಾದರೆ ಕಾಗದದಲ್ಲಿ ಬರೆಯಬೇಡ, ಬಂದು ನನ್ನ ಮುಖಕ್ಕೆ ಹೇಳು, ಅವಳಿಗೆ ಅವ್ವನ ಹೆಸರಿಡೋಣ. ಸರಿಯೆನಿಸಿದರೆ ನೀನೇ ಅವಳ ಕಿವಿಯ ಹತ್ತಿರ ಆ ಹೆಸರು ಹೇಳಿ ಕೂದಲಿಗೆ ಗರಿ ಕಟ್ಟು. ಅದರ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ, ಕ್ಲಿಫರ್ಡ್ ಬಸ್ಸಿನ ಹತ್ತಿರ ಕಾಯುತ್ತಾನೆ. ಯಾವುದಕ್ಕಾದರೂ ಸರಿ, ಬಾ ಅಕ್ಕಾ.